ಎಡಗೈ ಮೇಲಿನ ಅರ್ಜಿ

ಜಕ್ಕನಹಳ್ಳಿ ದಾಟುವಾಗ ಮೊದಲನೆಯದು,
ಸೊಂಟದ ಎಡಕ್ಕೆ, ಕಡಲೆಬೇಳೆಯಷ್ಟು.
ಶಿವಳ್ಳಿ ಬರುವ ಹೊತ್ತಿಗೆ ಇಡ್ಲಿಯಗಲ,
ಅಂಚು ಕೆಂಪು, ನಡು ಬಿಳಿಚು,
ಪಕ್ಕದ್ದರ ಜೊತೆ ಕೂಡಿಕೊಂಡು ಒಂದು ಭೂಪಟ.
ಎಪ್ಪತ್ತಮೂರು ಜನರ ನಡುವೆ ನಿಂತು
ಸೊನ್ನೆ ರೂಪಾಯಿಯ ಟಿಕೆಟ್ ಹರಿಯುತ್ತಾ
ಎಲ್ಲೆಲ್ಲಿ ಅಂತ ಕೆರೆದುಕೊಳ್ಳಲಿ?
ಕಂಬಿಗೆ ಬೆನ್ನು ತಿಕ್ಕಿದೆ, ಎಮ್ಮೆಯ ಹಾಗೆ.
ಡ್ರೈವರ್ ಜವರಪ್ಪಣ್ಣ ಕನ್ನಡಿಯಲ್ಲಿ ನೋಡಿ
ಏನೂ ಕೇಳಲಿಲ್ಲ. ಒಳ್ಳೆಯವನು.

'ಪಿತ್ತದ ಗಂಧೆ ಕಣವ್ವಾ, ಇನ್ನೇನು' ಅಂದಳು ಅತ್ತೆ.
ದೊಡ್ಡಪತ್ರೆ ಜಜ್ಜಿ ರಸ ಹಚ್ಚಿ
ಕರಿಕಂಬಳಿ ಹೊದಿಸಿದಳು, ಏಪ್ರಿಲ್ ತಿಂಗಳಲ್ಲಿ.
ಕಂಬಳಿಯೊಳಗೆ ಬೆವರು,
ಬೆವರಿಗೆ ಬೇರೆಯದೇ ಜಾತಿ ಎದ್ದಿತು:
ರಾಗಿಕಾಳಿನಂಥವು, ಒಂದೊಂದಕ್ಕೂ ಒಂದೊಂದು ಸೂಜಿ.
'ಬದನೆಕಾಯಿ ತಿಂದಿದ್ದಾ?'
'ತಿಂದಿದ್ದೆ.'
'ಮತ್ತೆ!'
ಬದನೆಕಾಯಿ ಬಿಟ್ಟೆ. ಮೊಟ್ಟೆ ಬಿಟ್ಟೆ. ಒಣಸೀಗಡಿ ಬಿಟ್ಟೆ.
ಹುಚ್ಚೆಳ್ಳಿನ ಚಟ್ನಿ ಬಿಟ್ಟ ದಿನ ಅತ್ತೇ ಬಿಟ್ಟೆ.
ಗಂಧೆ ಮಾತ್ರ ನನ್ನನ್ನು ಬಿಡಲಿಲ್ಲ.

ಡಿಪೊದಲ್ಲಿ ಸಾಹೇಬರು 'ಎಲ್ಲಿ, ತೋರಿಸಮ್ಮಾ' ಅಂದರು.
ತೋಳು ಮಡಿಸಿದೆ. ಏನಿಲ್ಲ.
ಬೆಳಿಗ್ಗೆ ಉಬ್ಬಿದ್ದ ಜಾಗವೆಲ್ಲ ನುಣ್ಣಗೆ,
ಬಾಡಿಗೆಯವರು ಖಾಲಿ ಮಾಡಿ ಗುಡಿಸಿಹೋದ ಮನೆಯ ಹಾಗೆ.
ಇದರ ಬುದ್ಧಿಯೇ ಅಂಥದು. ಒಂದೆಡೆ
ಒಂದು ಹಗಲು ಒಂದು ರಾತ್ರಿ ತುಂಬ ನಿಲ್ಲುವುದಿಲ್ಲ,
ಇಲ್ಲಿ ಆರಿದರೆ ಅಲ್ಲಿ ಹತ್ತುತ್ತದೆ,
ಹೋಗುವಾಗ ಕಲೆ ಬಿಡುವುದಿಲ್ಲ.
ಕಲೆ ಬಿಡದ ಕಾಯಿಲೆಗೆ ಕಾನೂನಿನಲ್ಲಿ ರಜೆಯಿಲ್ಲ.

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ತಸ್ನೀಮ್ ಡಾಕ್ಟರು
ಮೈ ನೋಡುವ ಮೊದಲು ದಿನ ಎಣಿಸಿದರು.
ಯುಗಾದಿಯಿಂದ, ಅಂದೆ. ಆರು ವಾರ ದಾಟಿತೋ
ಅದರ ಹೆಸರಿಗೆ 'ದೀರ್ಘ' ಅಂತ ಸೇರುತ್ತದಂತೆ,
ಸರ್ವೀಸಾದವರಿಗೆ 'ಸೀನಿಯರ್' ಸೇರುವ ಹಾಗೆ.
ಜ್ವರ, ಗಂಟಲುನೋವು ಬಂದಿತ್ತಾ? ಇಲ್ಲ.
ನೋವಿನ ಮಾತ್ರೆ? ಎಂಟು ಗಂಟೆ ನಿಂತ ಕಾಲು, ಮೇಡಂ,
ನುಂಗುತ್ತೇನೆ, ಲೆಕ್ಕವಿಟ್ಟಿಲ್ಲ.
ತಣ್ಣೀರು ಸೋಕಿದರೆ ಏಳುತ್ತದಾ?
ಅದು ನನ್ನ ತಂಗಿಗೆ. ನಾಲೆಗೆ ಇಳಿದಳೆಂದರೆ
ನೀರು ಮುಟ್ಟಿದಷ್ಟಕ್ಕೂ ಗಂಧೆ, ಮೇಲೆ ಗೆರೆ ಕೊರೆದಂತೆ.
ಚೀಲದ ಪಟ್ಟಿ ಒತ್ತುವಲ್ಲಿ?
ಹೌದು, ಭುಜದ ಮೇಲೆ. ಆದರೆ ಆಗಲೇ ಅಲ್ಲ,
ಚೀಲ ಇಳಿಸಿ, ಲೆಕ್ಕ ಒಪ್ಪಿಸಿ,
ಮನೆಗೆ ಬಂದು ಮುದ್ದೆ ತಿರುವುವಾಗ
ಇಲ್ಲದ ಚೀಲ ಮತ್ತೆ ಹೆಗಲೇರುತ್ತದೆ.

ತುಟಿಯೋ ನಾಲಿಗೆಯೋ ಊದಿ, ಉಸಿರು ಕಟ್ಟಿತೋ,
ಟ್ರಿಪ್ಪು ಗಿಪ್ಪು ನೋಡಬೇಡ, ಬಸ್ಸನ್ನೇ ಇಲ್ಲಿಗೆ ತಿರುಗಿಸು, ಅಂದರು.
ಆಮೇಲೆ ಪೆನ್ನಿನ ಹಿಂತುದಿಯಿಂದ
ನನ್ನ ತೋಳ ಮೇಲೊಂದು ಗೆರೆ ಎಳೆದು
'ಕಾಯೋಣ' ಎಂದರು.
ಐದು ನಿಮಿಷ. ಗೆರೆ ಎದ್ದಿತು,
ಗದ್ದೆಯ ಹೊಸ ಬದುವಿನಂತೆ, ಕೆಂಪಗೆ, ನೆಟ್ಟಗೆ.
ಕೆಲವರ ಚರ್ಮ ಹೀಗೂ ಬರೆಸಿಕೊಳ್ಳುತ್ತದಂತೆ.
'ಇದಕ್ಕೆಲ್ಲ ಕಾರಣ ಏನು ಮೇಡಂ?'
ನಕ್ಕರು, ನೂರನೇ ಚೀಟಿಯ ಸುಸ್ತಿನ ನಗು.
'ಎಷ್ಟೋ ಜನಕ್ಕೆ ಸಿಗುವುದೇ ಇಲ್ಲ ಕಣಮ್ಮಾ.
ರಾತ್ರಿಗೊಂದು ಈ ಮಾತ್ರೆ. ಆ ನೋವಿನ ಮಾತ್ರೆ ಬಿಡು.
ಬದನೆಕಾಯಿ ಪಾಪ, ತಿನ್ನು.'

ಸೋಮವಾರ ಸಾಹೇಬರ ಕೋಣೆಯ ಹೊರಗೆ
ಬೆಂಚಿನ ಮೇಲೆ ಕೂತು
ಎಡಗೈ ಮೇಲೆ ಉಗುರಿನಿಂದ ಬರೆದೆ:
ಎರಡು ದಿನ ರಜೆ.
ಅಕ್ಷರ ಏಳುವವರೆಗೆ ಕೂತಿದ್ದು ಒಳಗೆ ಹೋದೆ.
ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ.
'ಸಹಿ ಇಲ್ಲವಲ್ಲಮ್ಮಾ.'
ಅಲ್ಲೇ ನಿಂತು ಹಾಕಿದೆ, ಪುಟ್ಟಲಕ್ಷ್ಮಿ ಅಂತ,
ಒತ್ತಕ್ಷರಕ್ಕೆ ಜಾಗ ಸಾಲದೆ ಮಣಿಕಟ್ಟಿಗೆ ಇಳಿಯಿತು.
ಫ್ಯಾನು ಕಿರಗುಡುತ್ತಿತ್ತು.
ಇಬ್ಬರೂ ಕಾದೆವು,
ನನ್ನ ಹೆಸರು ಮೇಲೇಳುವುದನ್ನು.